ಎಳೆಯ ಕುದುರೆಯ ಬೆನ್ನಿಗೆ ಮೊದಲು ಹತ್ತಬೇಕಾದವರು ನೀವಲ್ಲ

ನೀವು ಕೇಳಿದ್ದು ಇಷ್ಟು: ಮಹಾರಾಷ್ಟ್ರದ ಸಾರಂಗಖೇಡದ ಕುದುರೆ ಜಾತ್ರೆಯಿಂದ ಎರಡೂವರೆ ವರ್ಷದ, ಮಾರ್ವಾಡಿ ತಳಿಯ ಹೆಣ್ಣುಕುದುರೆ ತಂದು ತುಮಕೂರು ಕಡೆಯ ತೋಟದಲ್ಲಿ ಕಟ್ಟಿದ್ದೀರಿ. ಅದರ ಮೇಲೆ ಇದುವರೆಗೆ ಯಾರೂ ಕೂತಿಲ್ಲ. ನಿಮ್ಮ ತೂಕ 72 ಕಿಲೋ, ಸವಾರಿ ಅಲ್ಪಸ್ವಲ್ಪ ಬರುತ್ತದೆ. ಉತ್ತ ಹೊಲಕ್ಕೆ ಇಳಿಸಿ, ಸುಸ್ತಾಗುವವರೆಗೆ ಓಡಿಸಿ ಹತ್ತಿಬಿಟ್ಟರೆ ಎರಡು ದಿನದಲ್ಲಿ ಪಳಗುತ್ತದೆ ಎಂದು ಊರಿನವರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ, ಈಗಲೇ ಹತ್ತಬಹುದೇ?

ಎರಡೂ ಬೇಡ. ಜೊತೆಗೆ ನಿಮಗೆ ಬೇಸರವಾಗಬಹುದಾದ ಮೂರನೆಯ ಮಾತೂ ಒಂದಿದೆ, ಅದನ್ನು ಆಮೇಲೆ ಹೇಳುತ್ತೇನೆ.

ನಾನು ಕುಣಿಗಲ್ಲಿನವನು. ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಊರು. ನನ್ನ ಸೋದರಮಾವ ಜೀವಮಾನವೆಲ್ಲ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಸೈಸ್ ಆಗಿದ್ದವರು. ನಾನು ಬೆಂಗಳೂರಿನ ಹೊರವಲಯದ ಸವಾರಿ ಶಾಲೆಗಳಲ್ಲಿ ಎಳೆಯ ಕುದುರೆಗಳಿಗೆ ಮೊದಲ ಪಾಠ ಹೇಳಿಕೊಡುವ ಕೆಲಸ ಮಾಡಿದ್ದೇನೆ. ಉತ್ತ ಹೊಲದ ವೈದ್ಯವನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಕುದುರೆ ಬೆವರು ಸುರಿಸಿ ತಲೆ ತಗ್ಗಿಸಿ ನಿಲ್ಲುತ್ತದೆ, ಸುತ್ತ ನಿಂತವರು ಪಳಗಿತು ಎನ್ನುತ್ತಾರೆ. ಮರುದಿನ ಬೆಳಿಗ್ಗೆ ಮೇವು ತಿಂದು, ನಿದ್ದೆ ಮಾಡಿ ಎದ್ದ ಕುದುರೆಗೆ ಸುಸ್ತು ಹೋಗಿರುತ್ತದೆ, ಹೆದರಿಕೆ ಮಾತ್ರ ಹಾಗೆಯೇ ಇರುತ್ತದೆ. ಹದಿನೈದು ದಿನ ಇದನ್ನೇ ಮಾಡಿದರೆ ನೀವು ತಯಾರು ಮಾಡಿದ್ದು ಹೆದರಿದ, ಆದರೆ ಮೊದಲಿಗಿಂತ ದಮ್ಮು ಹೆಚ್ಚಿರುವ ಕುದುರೆಯನ್ನು. ಸಡಿಲ ಮಣ್ಣಿನಲ್ಲಿ ಎಳೆಯ ಕಾಲಿನ ನರ ಎಳೆದುಕೊಂಡರೆ ಆ ಕಥೆಯೇ ಬೇರೆ.

ಮೊದಲು ವಯಸ್ಸು. ಮಾರಿದವರ ಮಾತಿಗಿಂತ ಬಾಯಿ ತೆರೆದು ನೋಡುವುದು ಒಳ್ಳೆಯದು. ಎದುರಿನ ಹಾಲುಹಲ್ಲುಗಳಲ್ಲಿ ನಟ್ಟನಡುವಿನವು ಎರಡೂವರೆ ವರ್ಷದ ಹೊತ್ತಿಗೆ ಬೀಳುತ್ತವೆ, ಪಕ್ಕದವು ಮೂರೂವರೆಗೆ, ಮೂಲೆಯವು ನಾಲ್ಕೂವರೆಗೆ. ಹಾಲುಹಲ್ಲು ಚಿಕ್ಕದು, ಬೆಳ್ಳಗಿರುತ್ತದೆ. ಹೊಸದು ಅಗಲವಾಗಿ ತುಸು ಹಳದಿಯಾಗಿರುತ್ತದೆ. ಪಶುವೈದ್ಯರನ್ನು ಕರೆಸಿದಾಗ ಮೊದಲ ದವಡೆಹಲ್ಲಿನ ಮುಂದೆ ಕಡಲೆಕಾಳಿನಷ್ಟು ಸಣ್ಣ ಹಲ್ಲೊಂದು ಇದೆಯೇ ಎಂದು ಕೇಳಿ. ಇದ್ದರೆ ಲಗಾಮಿನ ಕಬ್ಬಿಣ ಅದಕ್ಕೆ ತಾಗಿ ನೋಯುತ್ತದೆ, ಕುದುರೆ ತಲೆ ಕೊಡವುತ್ತದೆ, ನಾವು ಅದನ್ನು ಮೊಂಡು ಎನ್ನುತ್ತೇವೆ. ಕಬ್ಬಿಣ ಹಾಕುವ ಮೊದಲೇ ಕೀಳಿಸಿಬಿಡುವುದು ವಾಡಿಕೆ. ಧನುರ್ವಾಯುವಿನ ಲಸಿಕೆಯೂ ಅದೇ ದಿನ ಆಗಲಿ.

ಕುದುರೆಯ ಮೂಳೆಗಳ ತುದಿಯಲ್ಲಿ ಬೆಳವಣಿಗೆಯ ಮೆದುಪಟ್ಟಿಗಳಿರುತ್ತವೆ. ಅವು ಗೊರಸಿನ ಕಡೆಯಿಂದ ಮೇಲಕ್ಕೆ ಒಂದೊಂದಾಗಿ ಗಟ್ಟಿಯಾಗುತ್ತಾ ಹೋಗುತ್ತವೆ. ಮುಂಗಾಲಿನ ಮಂಡಿಯ ಮೇಲಿನದು ಹೆಚ್ಚುಕಡಿಮೆ ಎರಡರಿಂದ ಎರಡೂವರೆ ವರ್ಷಕ್ಕೆ ಕೂಡಿಕೊಳ್ಳುತ್ತದೆ. ಎಲ್ಲಕ್ಕಿಂತ ಕೊನೆಗೆ ಮಾಗುವುದು ಬೆನ್ನುಮೂಳೆ, ಅದೂ ಐದು ವರ್ಷ ದಾಟಿದ ಮೇಲೆ. ನಾವು ಕೂರುವುದು ಅಲ್ಲಿಯೇ! ಹಾಗಾದರೆ ರೇಸ್ ಕುದುರೆಗಳು ಎರಡು ವರ್ಷಕ್ಕೇ ಓಡುವುದಿಲ್ಲವೇ ಎಂದು ಕೇಳುತ್ತೀರಿ. ಓಡುತ್ತವೆ. ಅಲ್ಲಿ ಹತ್ತುವವರ ತೂಕ 50 ಕಿಲೋ ಆಸುಪಾಸು, ಜೀನು ಅಂಗೈಯಷ್ಟು, ನೆಲ ಹದ ಮಾಡಿದ್ದು, ಕೂರುವ ಹೊತ್ತು ಕಡಿಮೆ, ವೈದ್ಯರು ಪಕ್ಕದಲ್ಲೇ. ಇಷ್ಟಾದರೂ ಕಾಲು ಕೆಟ್ಟು ಬೇಗ ಓಟ ಬಿಟ್ಟ ಎಷ್ಟೋ ಕುದುರೆಗಳು ನಮ್ಮ ಸವಾರಿ ಶಾಲೆಗಳಿಗೆ ಬಂದಿವೆ. ಹಾಗೆಂದು ಎಳೆಯ ಕುದುರೆಯನ್ನು ಮೂರೂವರೆ ವರ್ಷ ತುಂಬುವವರೆಗೆ ಕಟ್ಟಿಹಾಕಿ ಕಾಯಬೇಕು ಎಂದಲ್ಲ. ಓಡಾಟ ಮೂಳೆಯನ್ನು ಬಲಗೊಳಿಸುತ್ತದೆ. ಕೆಡುಕು ಇರುವುದು ಭಾರದಲ್ಲಿ ಮತ್ತು ಸಣ್ಣ ಸುತ್ತಿನಲ್ಲಿ ಗಿರಗಿರನೆ ತಿರುಗಿಸುವುದರಲ್ಲಿ.

ಈಗ ಮೂರನೆಯ ಮಾತು. ಟೈಲರ್ ಬಳಸುವ ಟೇಪು ತೆಗೆದುಕೊಳ್ಳಿ. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ಅಂದಾಜು ತೂಕ ಬರುತ್ತದೆ. ಸುತ್ತಳತೆ 160, ಉದ್ದ 145 ಎಂದುಕೊಳ್ಳಿ: ಸುಮಾರು 312 ಕಿಲೋ. ಬೆಳೆದ ಕುದುರೆಗೇ ತನ್ನ ತೂಕದ ಶೇಕಡ 20ಕ್ಕಿಂತ ಹೆಚ್ಚು ಹೊರಿಸಬಾರದು ಎಂಬುದು ರೂಢಿಯ ಮಿತಿ. ಅಂದರೆ 62 ಕಿಲೋ, ಜೀನೂ ಸೇರಿ. ಎಳೆಯದಕ್ಕೆ ಇನ್ನೂ ಕಡಿಮೆ. ನಿಮ್ಮ 72ರ ಜೊತೆ ಜೀನಿನ ಎಂಟು ಕಿಲೋ ಸೇರಿಸಿದರೆ 80. ಈ ಕುದುರೆ ಮುಂದೆ 400 ಕಿಲೋ ತೂಗಿದರೆ ಆ ಮಿತಿಯೊಳಗೇ ನಿಮ್ಮನ್ನು ಹೊರುತ್ತದೆ. ಈಗ ಹೊರಲಾರದು. ಹಾಗಾಗಿ ಮೊದಲು ಹತ್ತುವವರು ಬೇರೆ ಯಾರಾದರೂ ಆಗಬೇಕು: ಹಗುರವಾದ, ಎಳೆಯ ಕುದುರೆಗಳ ಮೇಲೆ ಕೂತು ಅಭ್ಯಾಸವಿರುವ, ಕೂಗಾಡದ ಒಬ್ಬರು. ರೇಸ್ ಲಾಯಗಳಲ್ಲಿ ಸವಾರರಾಗಿ ದುಡಿದು ಹೊರಬಂದವರು ವಿಚಾರಿಸಿದರೆ ಸಿಗುತ್ತಾರೆ. ನಿಮ್ಮ ಕೆಲಸ ನೆಲದ ಮೇಲೆ. ಬೇಸರ ಬೇಡ, ಹತ್ತರಲ್ಲಿ ಒಂಬತ್ತು ಪಾಲು ಕೆಲಸ ಅಲ್ಲಿಯೇ ಇದೆ.

ಜಾಗದಿಂದ ಶುರು ಮಾಡಿ. ನಮ್ಮ ಕಡೆಯ ತೋಟಗಳಿಗೆ ಕಲ್ಲುಕಂಬ ಮತ್ತು ಮುಳ್ಳುತಂತಿ. ಎಳೆಯ ಕುದುರೆ ಬೆದರಿ ಅದಕ್ಕೆ ನುಗ್ಗಿದ್ದನ್ನು ಒಮ್ಮೆ ನೋಡಿದ್ದೇನೆ, ಇನ್ನೊಮ್ಮೆ ನೋಡುವ ಆಸೆಯಿಲ್ಲ. ಸರ್ವೆ ಗಳ ಅಥವಾ ಬಿದಿರಿನಿಂದ 60 ಅಡಿ ಅಗಲದ ದುಂಡನೆಯ ಬೇಲಿ ಹಾಕಿಸಿ, ಎತ್ತರ ಕುದುರೆಯ ಎದೆಗಿಂತ ಮೇಲಿರಲಿ. ಅದರೊಳಗೆ ಉದ್ದ ಹಗ್ಗದಲ್ಲಿ ಸುತ್ತು ಹಾಕಿಸುತ್ತಾ ‘ನಡಿ’, ‘ನಿಲ್ಲು’ ಕಲಿಸಿ. ಹತ್ತು ನಿಮಿಷ ಸಾಕು, ಎರಡೂ ದಿಕ್ಕಿಗೆ. ಪದ ಯಾವುದಾದರೂ ಸರಿ, ಮನೆಯವರೆಲ್ಲ ಒಂದೇ ಪದ ಬಳಸಬೇಕು. ಆಮೇಲೆ ಎರಡು ಉದ್ದ ಲಗಾಮು ಹಿಡಿದು ಹಿಂದೆ ನಡೆಯುತ್ತಾ ತೋಟದ ದಾರಿಯಲ್ಲಿ, ಊರ ರಸ್ತೆಯಲ್ಲಿ ಸುತ್ತಾಡಿಸಿ. ಟ್ರ್ಯಾಕ್ಟರ್, ನಾಯಿ, ಗಾಳಿಗೆ ಬಡಿದುಕೊಳ್ಳುವ ಪ್ಲಾಸ್ಟಿಕ್ ಎಲ್ಲವನ್ನೂ ಬೆನ್ನು ಖಾಲಿ ಇರುವಾಗಲೇ ನೋಡಿ ಮುಗಿಸಲಿ. ಕಬ್ಬಿಣ ದಪ್ಪನೆಯದು, ನುಣುಪಾದದ್ದು ಇರಲಿ. ಜಾತ್ರೆಗಳಲ್ಲಿ ಸಿಗುವ ಮುಳ್ಳಿನ ಲಗಾಮನ್ನು ಮುಟ್ಟಬೇಡಿ. ಗಾಡಿ ಎಳೆಯುವ, ಹೇರು ಹೊರುವ ಪ್ರಾಣಿಗಳಿಗೆ ಅದನ್ನು ಬಳಸುವುದನ್ನು 1965ರ ನಿಯಮಗಳೇ ನಿಷೇಧಿಸಿವೆ. ಇನ್ನು ಹುರಳಿ. ಪ್ರೀತಿಯಿಂದ ದಿನಾ ಬೇಯಿಸಿ ಇಡುತ್ತೀರಿ ಎಂದು ಊಹಿಸುತ್ತೇನೆ. ಇಡೀ ದಿನ ಕಟ್ಟಿದ ಕುದುರೆಗೆ ಅಷ್ಟು ಕಾಳು ಹಾಕಿ ಸಂಜೆ ಶಾಂತವಾಗಿರು ಎಂದರೆ ಅದು ಹೇಗೆ ಇದ್ದೀತು? ಕಾಳು ಇಳಿಸಿ, ಹುಲ್ಲು ಹೆಚ್ಚಿಸಿ, ಬಿಟ್ಟು ಮೇಯಿಸಿ.

ಮೊದಲ ಸವಾರಿಯ ದಿನಕ್ಕೆ ಎಲ್ಲರೂ ಹೆದರುತ್ತಾರೆ. ನಾನು ಹೆದರುವುದು ಜೀನನ್ನು ಹಿಡಿದಿಡುವ ಹೊಟ್ಟೆಪಟ್ಟಿ ಬಿಗಿಯುವ ದಿನಕ್ಕೆ. ಎದೆಯನ್ನು ಏನೋ ಹಿಡಿದುಕೊಂಡಿದೆ, ಓಡಿದರೂ ಬಿಡುತ್ತಿಲ್ಲ ಎಂಬುದು ಕುದುರೆಗೆ ಮೊದಲ ಬಾರಿ ಗೊತ್ತಾಗುವುದು ಆಗ. ಹುಲಿಯೋ ಚಿರತೆಯೋ ಬೆನ್ನಿಗೆ ಹಾರಿದರೆ ಆಗುವುದೂ ಅದೇ ತಾನೆ? ಅದಕ್ಕೇ ಮೊದಲು ಗೋಣಿಚೀಲದಿಂದ ಮೈಯೆಲ್ಲ ಉಜ್ಜಿ, ಹಗ್ಗವನ್ನು ಎದೆಯ ಸುತ್ತ ಹಾಕಿ ಮೆಲ್ಲಗೆ ಎಳೆದು ಬಿಟ್ಟು, ಕೆಲವು ದಿನ ಹೀಗೇ ಕಳೆದ ಮೇಲೆ ಬರಿಯ ಪಟ್ಟಿ, ಆಮೇಲೆ ಜೀನು. ಪಟ್ಟಿ ಹಾಕುವಾಗ ಕಂಬಕ್ಕೆ ಕಟ್ಟಬೇಡಿ, ಇನ್ನೊಬ್ಬರು ಹಗ್ಗ ಹಿಡಿದಿರಲಿ. ಒಂದು ತೂತು ಬಿಗಿದು ನಾಲ್ಕು ಹೆಜ್ಜೆ ನಡೆಸಿ, ಮತ್ತೊಂದು ತೂತು. ನಂತರ ಸವಾರ ಕಾಲಿಡುವ ರಿಕಾಪುಗಳನ್ನು ಇಳಿಬಿಟ್ಟು ಪಕ್ಕೆಗೆ ಬಡಿಯುವಂತೆ ಸುತ್ತು ಹಾಕಿಸಿ.

ಇಲ್ಲಿ ನೋಡಲು ಕಲಿಯಬೇಕಾದದ್ದು ಒಂದಿದೆ. ಸುಮ್ಮನೆ ನಿಂತ ಕುದುರೆಗಳಲ್ಲಿ ಎರಡು ಬಗೆ. ಒಂದು ಕಣ್ಣು ಮಿಟುಕಿಸುತ್ತದೆ, ಬಾಯಾಡಿಸುತ್ತದೆ, ಕುತ್ತಿಗೆ ಇಳಿಸುತ್ತದೆ, ಹಿಂಗಾಲೊಂದನ್ನು ಸಡಿಲ ಬಿಡುತ್ತದೆ. ಇನ್ನೊಂದು ಕುತ್ತಿಗೆ ಸೆಟೆಸಿ, ಉಸಿರು ಹಿಡಿದು, ಬಾಲ ಒತ್ತಿಕೊಂಡು, ಕಣ್ಣು ಎಲ್ಲೋ ನೆಟ್ಟು ನಿಲ್ಲುತ್ತದೆ. ಎರಡನೆಯದನ್ನು ಎಷ್ಟು ಸಾಧು ಎಂದು ಹೊಗಳುವವರನ್ನು ಕಂಡಿದ್ದೇನೆ. ಅದು ಸಾಧುವಲ್ಲ, ಹೆದರಿ ಕಲ್ಲಾಗಿದೆ. ಅದು ಹೆಜ್ಜೆ ಎತ್ತಿದ ಕ್ಷಣವೇ ಸಿಡಿಯುತ್ತದೆ. ಮಾರ್ವಾಡಿಯ ಕಿವಿಗಳು ಒಳಕ್ಕೆ ಬಾಗಿ ತುದಿ ತಾಗುವುದರಿಂದ ಹೊಸಬರಿಗೆ ಕಿವಿ ನೋಡಿ ಏನೂ ತಿಳಿಯುವುದಿಲ್ಲ. ಮೂಗಿನ ಹೊಳ್ಳೆ ಮತ್ತು ಬಾಲವನ್ನು ನಂಬಿ.

ಇದನ್ನು ನಾನು ಕಲಿತದ್ದು ಮೂಳೆ ಮುರಿದುಕೊಂಡು. ಇಪ್ಪತ್ತೆರಡರ ವಯಸ್ಸು, ಒಂದು ಕಂದು ಗಂಡುಮರಿ. ಮೂರು ದಿನ ಹತ್ತಿದೆ, ಅಲುಗಾಡದೆ ನಿಂತಿತು, ಎಳೆದತ್ತ ನಡೆಯಿತು. ನಾಲ್ಕನೆಯ ದಿನ ಬೇಲಿಯಿಂದ ಹೊರಗೆ ತಂದೆ. ಹೊಂಗೆಯ ಕೊಂಬೆಯೊಂದು ಅಡ್ಡ ಬಂತು, ಸರಿಸಲು ಬಲಗೈ ಎತ್ತಿದೆ. ಅಷ್ಟೇ. ಕುದುರೆಯ ಕಣ್ಣುಗಳು ತಲೆಯ ಎರಡು ಬದಿಗಿರುವುದರಿಂದ ಸವಾರನ ಕೈ ಮೇಲಿಂದ ಹಿಂದಿನಿಂದ ಕಣ್ಣಿನ ಅಂಚಿಗೆ ಬರುತ್ತದೆ. ಎಡದಿಂದಲೇ ಹತ್ತಿ ಎಡದಿಂದಲೇ ಇಳಿಯುತ್ತಿದ್ದ ನನ್ನನ್ನು ಆ ಮರಿ ಬಲಗಣ್ಣಿನಿಂದ ಸರಿಯಾಗಿ ನೋಡಿಯೇ ಇರಲಿಲ್ಲ. ಕಲ್ಲುಗೋಡೆಯ ಬಳಿ ಬಿದ್ದೆ, ಕೊರಳೆಲುಬು ಮುರಿಯಿತು. ಮಾವ ಓಡಿಬಂದವರು ಮೊದಲು ಕೇಳಿದ್ದು, “ಮರಿಯ ಕಾಲಿಗೆ ಏನೂ ಆಗಿಲ್ಲ ತಾನೆ?” ಆಗ ಸಿಟ್ಟು ಬಂದಿತ್ತು.

ಎಲ್ಲವೂ ಸರಿಹೋಗಿ ಕುದುರೆಗೆ ಮೂರೂವರೆಯಾದಾಗ ಮೊದಲ ಸವಾರಿಯ ವಾರ ಹೀಗಿರಲಿ. ಸವಾರ ಎತ್ತರದ ಕಟ್ಟೆಯ ಮೇಲೆ ನಿಂತು ಎರಡೂ ಬದಿಯಿಂದ ಬೆನ್ನು ಸವರುತ್ತಾನೆ, ಪಕ್ಕದಲ್ಲಿ ಕುಪ್ಪಳಿಸುತ್ತಾನೆ, ಹೊಟ್ಟೆಯನ್ನು ಜೀನಿನ ಮೇಲೆ ಅಡ್ಡ ಹಾಕಿ ಐದು ಸೆಕೆಂಡು ಮಲಗಿ ಇಳಿಯುತ್ತಾನೆ. ಮೂರು ನಾಲ್ಕು ದಿನ ಇಷ್ಟೇ. ಆಮೇಲೆ ಕಾಲು ದಾಟಿಸಿ ಕೂರುತ್ತಾನೆ, ಮೈ ಬಗ್ಗಿಸಿಯೇ ಇದ್ದು ನಿಧಾನವಾಗಿ ನೆಟ್ಟಗಾಗುತ್ತಾನೆ. ಕುದುರೆಯ ಕುತ್ತಿಗೆಗೆ ಹಳೆಯ ಚರ್ಮದ ಪಟ್ಟಿಯೊಂದನ್ನು ಸುತ್ತಿರಿ. ಆಯ ತಪ್ಪಿದರೆ ಸವಾರ ಅದನ್ನು ಹಿಡಿಯಲಿ, ಲಗಾಮನ್ನಲ್ಲ. ಮೊದಲ ಹೆಜ್ಜೆಯನ್ನು ನೇರ ಮುಂದಕ್ಕೆ ಕೇಳಬೇಡಿ. ನೀವು ತಲೆಯನ್ನು ತುಸು ನಿಮ್ಮತ್ತ ತಿರುಗಿಸಿದರೆ ಹೊಸ ಭಾರದ ಕೆಳಗೆ ಕಾಲು ಸರಿಪಡಿಸಿಕೊಳ್ಳಲು ಅದು ಪಕ್ಕಕ್ಕೊಂದು ಹೆಜ್ಜೆ ಇಡುತ್ತದೆ, ಬಿಗುವು ಅಲ್ಲಿಯೇ ಸಡಿಲವಾಗುತ್ತದೆ. ‘ನಡಿ’, ‘ನಿಲ್ಲು’ ಎನ್ನುವವರು ನೀವೇ. ಸವಾರ ಬರಿಯ ಮೂಟೆ. ದಿನ ಕಳೆದಂತೆ ನಿಮ್ಮ ಮಾತಿನ ಜೊತೆ ಅವನ ಕಾಲಿನ ಒತ್ತು ಸೇರುತ್ತದೆ, ಆಮೇಲೆ ನೀವು ಸುಮ್ಮನಾಗುತ್ತೀರಿ. ದಿನಕ್ಕೆ ಐದು ನಿಮಿಷ. ಟ್ರಾಟ್, ಅಂದರೆ ನಡಿಗೆಗಿಂತ ಚುರುಕಾದ ದುಡುಕಿ ಓಟ, ಎಂಬ ಮಾತು ಎರಡು ವಾರ ಯಾರ ಬಾಯಲ್ಲೂ ಬರಬಾರದು. ಸವಾರನಿಗೆ ಹೆಲ್ಮೆಟ್ ಕಡ್ಡಾಯ, ಒಬ್ಬರೇ ಇರುವಾಗ ಏನನ್ನೂ ಮಾಡಬೇಡಿ.

ಹೊಟ್ಟೆಪಟ್ಟಿಯ ಹಂತದಲ್ಲಿ ಒಂದು ವಾರ ಕಳೆದರೂ ಕುದುರೆ ಉಸಿರು ಹಿಡಿದೇ ನಿಲ್ಲುತ್ತಿದ್ದರೆ ಮುಂದಕ್ಕೆ ಹೋಗದೆ ಬರೆಯಿರಿ. ಸದ್ಯಕ್ಕೆ ಎದೆಯ ಸುತ್ತಳತೆ, ಉದ್ದ, ಎದುರಿನ ಹಲ್ಲು ಎಷ್ಟು ಬದಲಾಗಿವೆ, ಇಷ್ಟನ್ನು ತಿಳಿಸಿ. ಮತ್ತು ಆ ಮುಳ್ಳುತಂತಿಯನ್ನು ಈ ವಾರವೇ ತೆಗೆಸಿ.