ಮಗಳು ಮಾತಾಡ್ತಾಳೆ ಅಂತ ಬೇಸರವೇ?

ಇಂಡಿ ತಾಲ್ಲೂಕಿನ ಹಳ್ಳಿಯೊಂದರಿಂದ ಓದುಗರೊಬ್ಬರು ಬರೆದಿದ್ದಾರೆ: ‘ನನ್ನ ಮಗಳು ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿ. ಅಲ್ಲಿ ದಿನಾ ಆಟ, ಹಾಡು, ಚಿತ್ರ. ಶನಿವಾರವಂತೂ ಮುಂಜಾನೆಯಿಂದ ಕವಾಯತು, ಖೋಖೋ. ಓಟದಲ್ಲಿ ಇವಳು ಯಾವಾಗಲೂ ಕೊನೆ. ಒಂದು ಬಹುಮಾನವೂ ಬಂದಿಲ್ಲ. ಕೇಳಿದರೆ ಅಕ್ಕೋರು, ಹುಡುಗಿಗೆ ಧೈರ್ಯ ಬಂದಿದೆ ಅಂತಾರೆ. ಧೈರ್ಯ ನೋಡಿ ನವೋದಯದವರು ಸೀಟು ಕೊಡ್ತಾರಾ? ಮೊದಲು ಮನೆಗೆ ಯಾರಾದರೂ ಬಂದರೆ ಒಳಗೆ ಓಡುತ್ತಿದ್ದಳು. ಈಗ ಬಂದವರ ಜೊತೆ ಕೂತು ಮಾತಾಡ್ತಾಳೆ, ನನಗೂ ಎದುರು ಪ್ರಶ್ನೆ ಹಾಕ್ತಾಳೆ. ಆಟ ಕಡಿಮೆ ಮಾಡಿ ಅಂತ ಹೆಡ್ ಮಾಸ್ತರಿಗೆ ಹೇಳಬೇಕೆಂದಿದ್ದೇನೆ. ಏನಂತೀರಿ?’

ಹೇಳಬೇಡಿ ಅಂತೀನಿ.

ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ. ನವೋದಯ, ಮೊರಾರ್ಜಿ ವಸತಿ ಶಾಲೆ, ಸೈನಿಕ ಶಾಲೆ, ಕಿತ್ತೂರಿನ ಹೆಣ್ಣುಮಕ್ಕಳ ಸೈನಿಕ ಶಾಲೆ ಎಲ್ಲದಕ್ಕೂ ಪರೀಕ್ಷೆ ಬರೆದು ಆರನೇ ತರಗತಿಗೇ ಪ್ರವೇಶ. ಮಳೆ ನಂಬಿದ ಮನೆಗೆ ನವೋದಯದಲ್ಲೋ ಮೊರಾರ್ಜಿಯಲ್ಲೋ ಒಂದು ಸೀಟು ಸಿಕ್ಕರೆ ದೊಡ್ಡ ಆಸರೆ. ಆ ಪರೀಕ್ಷೆಗೆ ಓದಿಸಬೇಡಿ ಎಂದು ಯಾರೂ ಹೇಳುವುದಿಲ್ಲ.

ಆದರೆ ಆ ಶಾಲೆಗಳ ಒಳಗೆ ಒಮ್ಮೆ ನೋಡಿ. ವಿಜಯಪುರದ ಸೈನಿಕ ಶಾಲೆ 1963ರಿಂದ ಇದೆ. ಅಲ್ಲಿ ಮಕ್ಕಳ ದಿನ ಶುರುವಾಗುವುದೇ ಮೈದಾನದಲ್ಲಿ. ಕಿತ್ತೂರಿನ ಶಾಲೆಯಲ್ಲಿ ಹೆಣ್ಣುಮಕ್ಕಳು ಕುದುರೆ ಸವಾರಿ ಕಲಿಯುತ್ತಾರೆ. ಅಂಥ ಶಾಲೆ ಸೇರಿಸಬೇಕೆಂದು ನಾವು ಎಂಟು ವರ್ಷದ ಕೂಸಿನ ಆಟ ಬಿಡಿಸಿ ಕೋಚಿಂಗ್ ಕೋಣೆಯಲ್ಲಿ ಕೂರಿಸುತ್ತೇವೆ. ನಮ್ಮ ಊರಿನ ಗೋಡೆಗಳ ಮೇಲೆ ಕೋಚಿಂಗ್ ಬೋರ್ಡುಗಳು ಒಂದರ ಮೇಲೊಂದು. ಸಂಜೆ ಅಲ್ಲಿಂದ ಹೊರಬರುವ ಮಕ್ಕಳ ಮುಖ ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮಗಳು ಓಟದಲ್ಲಿ ಕೊನೆ ಅಂದಿರಿ. ಖೋಖೋದಲ್ಲಿ ಹೇಗೆ ಆಡ್ತಾಳೆ ಅಂತ ನೋಡಿದ್ದೀರಾ? ಎಂಟು ಮಕ್ಕಳು ಸಾಲಾಗಿ, ಒಬ್ಬರು ಆ ಕಡೆ ಒಬ್ಬರು ಈ ಕಡೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಒಂಬತ್ತನೆಯವಳು ಬೆನ್ನಟ್ಟುತ್ತಾಳೆ. ಹಿಂದಕ್ಕೆ ತಿರುಗುವಂತಿಲ್ಲ. ಸುಸ್ತಾದರೆ, ಇಲ್ಲವೇ ಎದುರಾಳಿ ಸಾಲಿನ ಆಚೆ ನುಸುಳಿದರೆ, ಕೂತವಳ ಬೆನ್ನು ಮುಟ್ಟಿ ಗಟ್ಟಿಯಾಗಿ ‘ಖೋ’ ಅನ್ನಬೇಕು. ಬಾಯೊಳಗೇ ಅಂದರೆ ನಡೆಯುವುದಿಲ್ಲ.

ಬಸವನ ಬಾಗೇವಾಡಿ ಕಡೆಯ ಒಂದು ಶಾಲೆಯಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಶನಿವಾರ ಮುಂಜಾನೆ, ಬಿಸಿಲು ಏರುವ ಮೊದಲು. ಬೂದಿ ಚೆಲ್ಲಿ ಗೆರೆ ಹಾಕಿದ್ದರು. ಒಬ್ಬ ಪುಟ್ಟ ಹುಡುಗಿ ಗೆಳತಿಯ ಬೆನ್ನು ಮುಟ್ಟಿದಳು, ತುಟಿ ಅಲ್ಲಾಡಿತು, ಧ್ವನಿ ಬರಲಿಲ್ಲ. ಕೂತವಳು ಏಳಲೇ ಇಲ್ಲ. ‘ಕೇಳಿಸಲಿಲ್ಲ, ಜೋರಾಗಿ ಅನ್ನು’ ಅಂತ ಕೂಗಿದಳು. ಇವಳು ಎರಡೂ ಮುಷ್ಟಿ ಬಿಗಿದು ‘ಖೋ’ ಅಂದಳು ನೋಡಿ, ಕಾಂಪೌಂಡ್ ಆಚೆ ದನ ಕಾಯುವವರೂ ತಿರುಗಿ ನೋಡಿದರು. ಕ್ಲಾಸಿನಲ್ಲಿ ಹಾಜರಿ ಕರೆದಾಗಲೂ ಬರೀ ಕೈ ಎತ್ತುವ ಮಗು ಅದು, ಅಂತ ಅಲ್ಲಿನ ಅಕ್ಕೋರು ಆಮೇಲೆ ಹೇಳಿದರು. ‘ಗಟ್ಟಿಯಾಗಿ ಮಾತಾಡು’ ಅಂತ ಅವರು ಎಷ್ಟು ಸಲ ಹೇಳಿದ್ದರೋ! ಆಟದಲ್ಲಿ ಮಾತಾಡದೆ ಗತಿ ಇರಲಿಲ್ಲ, ಮಾತಾಡಿದಳು.

ಲಿಂಬೆ–ಚಮಚದ ಓಟವೂ ಹಾಗೇ. ಇಂಡಿ ಕಡೆಯವರಿಗೆ ಲಿಂಬೆಯ ವಿಷಯ ನಾನು ಹೇಳಬೇಕಿಲ್ಲ. ಜೋರಾಗಿ ಓಡುವವರ ಲಿಂಬೆ ನಡುವೆಯೇ ಬೀಳುತ್ತದೆ. ನಿಧಾನಿಯಾದ ಮಗು ಉಸಿರು ಬಿಗಿಹಿಡಿದು ಗೆರೆ ಮುಟ್ಟುತ್ತದೆ. ಅಂಥ ಆಟ ನಿಮ್ಮ ಶಾಲೆಯಲ್ಲಿ ಜಾಸ್ತಿ ಆಗಬೇಕು.

ಇನ್ನು ಹಾಡು, ಚಿತ್ರ. ಮೂರನೇ ತರಗತಿಯವರೆಗೆ ಇರುವುದು ನಲಿ–ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ. ಮಕ್ಕಳು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಗೋಡೆಯ ಕೆಳಗೆ ಅವರ ಕೈಗೆ ಎಟುಕುವ ಕಪ್ಪು ಹಲಗೆ. ಮೇಲೆ ಕಟ್ಟಿದ ಚಪ್ಪರಕ್ಕೆ ಅವರೇ ಬರೆದ ಚಿತ್ರ ತೂಗುಹಾಕುತ್ತಾರೆ. ನಿಮ್ಮ ಮಗಳದ್ದೂ ಅಲ್ಲಿ ಇರುತ್ತದೆ, ಹೋಗಿ ನೋಡಿ. ಬಹುಮಾನ ಬಂದಿಲ್ಲ ಅಂತ ಕೊರಗುವವರು ಒಮ್ಮೆಯಾದರೂ ಆ ಚಪ್ಪರದ ಕೆಳಗೆ ನಿಂತು ತಲೆ ಎತ್ತಬೇಕು.

ನಮ್ಮದೇ ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಬರೀ 15 ರನ್‌ಗೆ 5 ವಿಕೆಟ್ ಕಿತ್ತಾಗ ನಾವೆಲ್ಲ ಪಟಾಕಿ ಹೊಡೆದೆವು. ನಮ್ಮ ಹುಡುಗಿ ಅಂತ ಎದೆಯುಬ್ಬಿಸಿದೆವು. ಮನೆಯ ಹುಡುಗಿ ಅಂಗಳಕ್ಕೆ ಇಳಿದರೆ ಮಾತ್ರ ‘ಒಳಗೆ ಬಾ, ಪುಸ್ತಕ ಹಿಡಿ’. ಇದು ಯಾವ ನ್ಯಾಯ?

ನನ್ನ ಸಿಟ್ಟು ನಿಮ್ಮ ಮೇಲಲ್ಲ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಪ್ರತಿ ಶಾಲೆಗೂ ಆಟದ ಮೈದಾನ ಬೇಕು, ಆಟದ ಸಾಮಾನು ಬೇಕು ಅಂತ ಅದರಲ್ಲೇ ಇದೆ. ದೈಹಿಕ ಶಿಕ್ಷಕರ ವಿಷಯಕ್ಕೆ ಬಂದರೆ ಮಾತ್ರ, ಆರರಿಂದ ಎಂಟನೇ ತರಗತಿಗೆ, ಅದೂ ಮಕ್ಕಳು ನೂರಕ್ಕಿಂತ ಜಾಸ್ತಿ ಇದ್ದರೆ! ಆರು, ಏಳು, ಎಂಟು ವರ್ಷದ ಮಕ್ಕಳಿಗೆ ಯಾರೂ ಇಲ್ಲ. ದಿನಕ್ಕೆ ಒಂದು ಗಂಟೆಯಾದರೂ ಮಕ್ಕಳ ಮೈ ದಣಿಯಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪಟ್ಟಣದ ಎಷ್ಟೋ ಶಾಲೆಗಳು ಬಾಡಿಗೆ ಮನೆಯ ಮೂರು ಕೋಣೆಯಲ್ಲಿ ನಡೆಯುತ್ತವೆ. ಅಲ್ಲಿ ಮಗು ಕೈಕಾಲು ಚಾಚಲೂ ಜಾಗವಿಲ್ಲ. ಹಳ್ಳಿಯಲ್ಲಿ ಜಾಗ ಇದ್ದರೆ ಸುಗ್ಗಿಯಲ್ಲಿ ಅದೇ ಕಣ, ಮದುವೆಯಲ್ಲಿ ಅದೇ ಪೆಂಡಾಲು. ಇನ್ನು ವರ್ಷಕ್ಕೊಂದು ಗ್ಯಾದರಿಂಗ್. ಪ್ರತಿ ವರ್ಷ ಅದೇ ನಾಲ್ಕು ಮಕ್ಕಳ ಡಾನ್ಸು, ಅತಿಥಿಗಳ ಭಾಷಣ. ಉಳಿದ ಮಕ್ಕಳು ಕೆಳಗೆ ಕೂತು ಚಪ್ಪಾಳೆ ತಟ್ಟಬೇಕು. ಆ ವೇದಿಕೆ ನೋಡಿ ನಾವು ಶಾಲೆ ಚೆನ್ನಾಗಿದೆ ಅಂತೀವಿ.

ನಿಮ್ಮ ಶಾಲೆಯ ಅಕ್ಕೋರು ಎಲ್ಲ ಮಕ್ಕಳನ್ನೂ ಆಡಿಸುತ್ತಿದ್ದಾರೆ. ದೈಹಿಕ ಶಿಕ್ಷಕರಿಲ್ಲದೆಯೂ ಆಡಿಸುತ್ತಿದ್ದಾರೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಹೆಡ್ ಮಾಸ್ತರನ್ನು ಕಾಣಲು ಹೋಗಬೇಕೆಂದಿದ್ದೀರಲ್ಲ, ಹೋಗಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಇದ್ದ ದಿನವೇ ಹೋಗಿ. ಕಿರಿಯ ಪ್ರಾಥಮಿಕ ಶಾಲೆಗೆ ಆಟದ ಸಾಮಾನಿಗೆಂದು ಸಮಗ್ರ ಶಿಕ್ಷಣ ಯೋಜನೆಯಲ್ಲಿ ವರ್ಷಕ್ಕೆ 5,000 ರೂಪಾಯಿ ಇದೆ. ಈ ವರ್ಷ ಬಂತೇ, ಬಂದಿದ್ದರೆ ಏನು ತಂದರು, ತಂದದ್ದು ಬೀರುವಿನಲ್ಲಿದೆಯೋ ಮಕ್ಕಳ ಕೈಯಲ್ಲಿದೆಯೋ ಕೇಳಿ. ಸುಗ್ಗಿಯಲ್ಲಿ ಮೈದಾನ ಯಾರಿಗೂ ಕೊಡಬಾರದು ಅಂತ ನಡಾವಳಿಯಲ್ಲಿ ಬರೆಸಿ. ಏನು ಉತ್ತರ ಬಂತು ಅಂತ ನಮಗೆ ಬರೆಯಿರಿ, ಅದನ್ನೂ ಇದೇ ಪುಟದಲ್ಲಿ ಹಾಕುತ್ತೇವೆ.

– ಸಂ.