ಶನಿವಾರ ಕತೆಪುಸ್ತಕ ಓದಬಹುದಾ?

ಪ್ರಶ್ನೆ: ಬೀದರ್ ನೋಡಲು ಬರುವ ಯಹೂದಿ ಗೆಳೆಯನಿಗೆ ನಮ್ಮ ಕೋಟೆಯ ಪುಸ್ತಕ ಕೊಡಬೇಕು ಅಂತಿದ್ದೇನೆ. ಸಬ್ಬತ್ ದಿನ (ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗಿನ ಅವರ ವಿಶ್ರಾಂತಿ ದಿನ) ಅವರು ಧರ್ಮಗ್ರಂಥ ಬಿಟ್ಟು ಬೇರೆ ಓದುವಂತಿಲ್ಲವೇ?
– ಓದುಗರು, ಬೀದರ್

ಉತ್ತರ: ಅಷ್ಟು ಕಟ್ಟುನಿಟ್ಟಾಗಿ ಹೇಳಲಾಗದು. 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ‘ಶುಲ್ಹಾನ್ ಅರೂಖ್’ ಎಂಬ ಯಹೂದಿ ಧರ್ಮದ ಕಾನೂನು ಗ್ರಂಥದಲ್ಲಿ ಯೋಸೆಫ್ ಕಾರೊ ಅವರು ಯುದ್ಧದ ಕತೆ, ಲೌಕಿಕ ಪದ್ಯ ಆ ದಿನ ಬೇಡ ಎಂದಿದ್ದಾರೆ. ವ್ಯವಹಾರದ ಪತ್ರಗಳಂತೂ ಬೇಡವೇ ಬೇಡ. ಆದರೆ ಜ್ಞಾನದ ಪುಸ್ತಕ ಓದಬಹುದು ಎನ್ನುವವರ ಮಾತನ್ನೂ ಅಲ್ಲೇ ಬರೆದಿದ್ದಾರೆ. ಆ ಗ್ರಂಥಕ್ಕೆ ಟಿಪ್ಪಣಿ ಬರೆದ ಪೋಲೆಂಡಿನ ಪಂಡಿತ ಮೋಶೆ ಇಸ್ಸೆರ್ಲೆಸ್ ಅವರು ಹೀಬ್ರೂ ಭಾಷೆಯಲ್ಲಿದ್ದರೆ ಕತೆಗೂ ಅಡ್ಡಿಯಿಲ್ಲ ಎಂದರು.

ನನ್ನ ಮನಸ್ಸಿಗೆ ಹತ್ತಿರವಾದದ್ದು ಇನ್ನೂ ಹಳೆಯ ನಿಯಮ. ಸಬ್ಬತ್ ರಾತ್ರಿ ದೀಪದ ಬೆಳಕಲ್ಲಿ ಓದಬಾರದು ಎನ್ನುತ್ತದೆ ಪ್ರಾಚೀನ ಯಹೂದಿ ಪಂಡಿತರ ನಿಯಮಗಳ ಸಂಗ್ರಹವಾದ ಮಿಷ್ನಾ. ಓದುತ್ತಾ ಮೈಮರೆತು ದೀಪ ಓರೆ ಮಾಡಿ ಉರಿ ಹೆಚ್ಚಿಸಿಬಿಟ್ಟರೆ? ಬೆಂಕಿಯ ಕೆಲಸ ಆ ದಿನ ನಿಷಿದ್ಧ ಅಲ್ವಾ. ಕಲಬುರಗಿಯ ನಮ್ಮ ಮನೆಯಲ್ಲಿ ಕರೆಂಟ್ ಹೋದರೆ ಕಂದೀಲಿನ ಮುಂದೆ ಓದುತ್ತಿದ್ದೆ. ಅಕ್ಷರ ಮಸುಕಾದ ಕೂಡಲೇ, ಕಣ್ಣು ಪುಟದ ಮೇಲಿದ್ದಂತೆಯೇ, ಕೈ ತಾನೇ ಬತ್ತಿ ಏರಿಸುತ್ತಿತ್ತು. ಆ ಪಂಡಿತರಿಗೆ ಓದುವವರ ಕೈ ಚೆನ್ನಾಗಿ ಗೊತ್ತಿತ್ತು.

ಪುಸ್ತಕವನ್ನು ಶುಕ್ರವಾರ ಸೂರ್ಯ ಮುಳುಗುವ ಮೊದಲೇ ಕೊಟ್ಟುಬಿಡಿ. ಯಾವಾಗ ಓದಬೇಕೆಂದು ಅವರೇ ನಿರ್ಧರಿಸಲಿ.