‘ಫಾರೆವರ್’ ಯಾಕೆ ಬೇರೆ ತರ ಕೇಳಿಸುತ್ತದೆ

ಬ್ರಿಟನ್ನಿನ ಹುಡುಗಿಯರ ಪಾಪ್ ಗುಂಪು ಸ್ಪೈಸ್ ಗರ್ಲ್ಸ್‌ನ ಕೊನೆಯ ಸ್ಟುಡಿಯೋ ಆಲ್ಬಂ ‘ಫಾರೆವರ್’ ಅವರದ್ದೇ ಅನ್ನಿಸುವುದಿಲ್ಲ, ಯಾಕೆ ಅಂತ ಕೇಳಿದ್ದೀರಿ. ಮುಖ್ಯ ಕಾರಣ ಸಂಗೀತ ನಿರ್ಮಾಪಕರು ಬದಲಾದದ್ದು. 1994ರಲ್ಲಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಕಟ್ಟಿದ ಗುಂಪು ಇದು. ಮೊದಲೆರಡು ಆಲ್ಬಂಗಳು ಅಪ್ಪಟ ಬ್ರಿಟಿಷ್ ಪಾಪ್. 2000ದ ಈ ಆಲ್ಬಂಗೆ ಅಮೆರಿಕದ ನಿರ್ಮಾಪಕ ರಾಡ್ನಿ ಜರ್ಕಿನ್ಸ್ ಬಂದರು, ಜೊತೆಗೆ ಆರ್ ಅಂಡ್ ಬಿ (ಅಮೆರಿಕದ ಕಪ್ಪು ಜನರ ನಡುವೆ ಬೆಳೆದ ಸಂಗೀತ ಶೈಲಿ) ಬಂತು.

ಈ ಆಲ್ಬಂನ ‘ಹಾಲರ್’ ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಬೀಟ್ ತುಂಡುತುಂಡಾಗಿ ಬೀಳುತ್ತದೆ, ದನಿಗಳು ಒಂದರ ಮೇಲೊಂದು ಕೂರುತ್ತವೆ. ಯಾರ ಸಾಲು ಯಾವುದು ಅಂತ ಥಟ್ಟನೆ ಗೊತ್ತಾಗುವುದಿಲ್ಲ. ಮೊದಲು ಒಬ್ಬೊಬ್ಬರ ದನಿಯೂ ಎದ್ದು ಕೇಳುತ್ತಿತ್ತು, ಅಲ್ವಾ? ಗುಂಪಿನ ಜೆರಿ ಹ್ಯಾಲಿವೆಲ್ 1998ರಲ್ಲೇ ಬಿಟ್ಟು ಹೋಗಿದ್ದರು, ಅವರ ತುಂಟತನವೂ ಇಲ್ಲಿಲ್ಲ. ಆದರೂ ಹಾಡುಗಾರಿಕೆ ಇದರಲ್ಲೇ ಜಾಸ್ತಿ ಚೆನ್ನಾಗಿದೆ ಅನ್ನುತ್ತೇನೆ. ಇದರಲ್ಲಿರುವ ‘ಗುಡ್‌ಬೈ’ ಹಾಡು ಮಾತ್ರ ಹಳೆಯ ನಿರ್ಮಾಪಕರದ್ದು, 1998ರಲ್ಲೇ ಬಂದದ್ದು. ‘ಹಾಲರ್’, ‘ಗುಡ್‌ಬೈ’ ಎರಡನ್ನೂ ಬೆನ್ನುಬೆನ್ನಿಗೆ ಹಾಕಿ ನೋಡಿ.